ಜಾಮೀನು ಸಿಕ್ಕಿದರೂ ಜೈಲಲ್ಲೇ ಇದ್ದ ತಮ್ಮ: ಉಚಿತ ಕಾನೂನು ನೆರವು ಹೇಗಿತ್ತು?

ತಮ್ಮನಿಗೆ ಜಾಮೀನು ಸಿಕ್ಕಿತ್ತು. ಶ್ಯೂರಿಟಿಗೆ, ಅಂದರೆ ಅವನ ಪರ ಹೊಣೆ ನಿಲ್ಲಲು, ಪಹಣಿ ಕೊಡುವವರು ಮಾತ್ರ ಸಿಗಲಿಲ್ಲ. ನೆಂಟರು ಫೋನೇ ಎತ್ತಲಿಲ್ಲ ಬಿಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಎಂದರು.

ಫೀಸು ಒಂದು ಪೈಸೆಯೂ ಇಲ್ಲ. ಜೈಲಿನಲ್ಲಿರುವವರಿಗೆ ಆದಾಯದ ಮಿತಿಯೂ ಇಲ್ಲ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ. ಜಾಮೀನಾಗಿ ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟುಗಳು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಮಗೆ ಕೊಟ್ಟ ವಕೀಲರು ಅದನ್ನೇ ಹಿಡಿದು ಅರ್ಜಿ ಹಾಕಿದರು. ತಮ್ಮ ಮನೆಗೆ ಬಂದ.

ಮೂರು ಸಲ ಸುಮ್ನೆ ಅಲೆದಾಡಿಸಿದರು, ಅದೊಂದು ಬೇಜಾರು. ಅಮ್ಮನಿಗೆ ಕೂರಲು ಬೆಂಚೂ ಇರಲಿಲ್ಲ. ಹೊರಗೆ ಬಂದವನಿಗೆ ಕೆಲಸ? ಅದನ್ನು ಯಾರೂ ಕೇಳಲಿಲ್ಲ. ಈಗ ಪಂಕ್ಚರ್ ಅಂಗಡಿಯಲ್ಲಿದ್ದಾನೆ, ನಾವೇ ಹುಡುಕಿದ್ದು.