ಡಿಬಿ5 ಬೇಕಾ, ಡಿಬಿ6 ಸಾಕಾ?

ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಕಂಪನಿಯ ಈ ಎರಡೂ ಹಳೇ ಕಾರುಗಳಲ್ಲಿ ಇರುವುದು ಒಂದೇ 4 ಲೀಟರ್, ಆರು ಸಿಲಿಂಡರ್ ಎಂಜಿನ್. ಆದರೂ ಡಿಬಿ5ರ ಬೆಲೆ ತುಂಬಾ ಜಾಸ್ತಿ. ಕಾರಣ ಗೊತ್ತೇ ಇದೆ: 1964ರಲ್ಲಿ ಜೇಮ್ಸ್ ಬಾಂಡ್ ತೆರೆಯ ಮೇಲೆ ಓಡಿಸಿದ್ದು ಅದನ್ನೇ. ತಯಾರಾಗಿದ್ದೂ ಸಾವಿರದ ಆಸುಪಾಸು ಮಾತ್ರ.

1965ರಲ್ಲಿ ಬಂದ ಡಿಬಿ6 ಸ್ವಲ್ಪ ಉದ್ದ. ಹಿಂದಿನ ಸೀಟಿನಲ್ಲಿ ತಲೆಗೆ ಜಾಗವೂ ಹೆಚ್ಚು. ದೂರದ ಪ್ರಯಾಣಕ್ಕೆ ನನ್ನ ಓಟು ಇದಕ್ಕೇ. ಬಾಲ ಮೊಂಡಾಗಿದೆ ಅಂತ ಮೂಗು ಮುರಿಯುವವರು ಮುರಿಯಲಿ!

ಎಂಜಿನ್ ಬಿಚ್ಚಿದರೆ ಮಾತ್ರ ಎರಡಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ. ಅಲ್ಯೂಮಿನಿಯಂ ಮೈ ಥಳಥಳ ಹೊಳೆಯುತ್ತಿದ್ದರೂ ಒಳಗಿನ ಉಕ್ಕು ತುಕ್ಕು ಹಿಡಿದಿರಬಹುದು. ಅಗ್ಗಕ್ಕೆ ಸಿಕ್ಕಿತು ಅಂತ ಹಾಳು ಡಿಬಿ6 ತಂದರೆ, ರಿಪೇರಿಗೆ ಸುರಿದ ದುಡ್ಡು ಮಾರುವಾಗ ವಾಪಸ್ ಬರುವುದು ಕಷ್ಟ. ಯಾವುದೇ ಆದರೂ, ಮೂಲ ಎಂಜಿನ್ನೇ ಇದೆಯಾ ಅಂತ ಎಂಜಿನ್ ನಂಬರನ್ನು ಕಾರಿನ ದಾಖಲೆ ಜೊತೆ ತಾಳೆ ನೋಡಿ.