ಮನೆಯ ಬಿಪಿ ಯಂತ್ರ: ಆರು ತಿಂಗಳ ಬಳಕೆಯ ನಂತರ

ಅರವತ್ತೇಳು ವರ್ಷದ ನನ್ನ ತಾಯಿಗೆ ಕ್ಲಿನಿಕ್ಕಿನಲ್ಲಿ ಅಳೆದಾಗಲೆಲ್ಲ ರಕ್ತದೊತ್ತಡ 160ರ ಆಸುಪಾಸಿನಲ್ಲಿ ಬರುತ್ತಿತ್ತು. ಮಾತ್ರೆಯ ಪ್ರಮಾಣ ಹೆಚ್ಚಿಸುವ ಮುನ್ನ ಒಂದು ವಾರ ಮನೆಯಲ್ಲಿ ಅಳೆದು ಬರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರಿಂದ, ಮೈಸೂರಿನ ನಮ್ಮ ಬಡಾವಣೆಯ ಔಷಧಿ ಅಂಗಡಿಯಲ್ಲಿ 2,150 ರೂಪಾಯಿ ಕೊಟ್ಟು ತೋಳಿಗೆ ಕಟ್ಟುವ ಬಿಪಿ ಯಂತ್ರವೊಂದನ್ನು ಕೊಂಡೆ. ಈ ಬೆಲೆಯ ಹಲವು ಯಂತ್ರಗಳು ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ಆರು ತಿಂಗಳ ಬಳಕೆಯ ನಂತರ ಹೇಳುವುದಾದರೆ, ಯಂತ್ರ ಅಳೆಯುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅಳೆದದ್ದಕ್ಕೆ ಅರ್ಥ ಹೇಳಲು ಹೊರಟಾಗ ಮಾತ್ರ ದಾರಿ ತಪ್ಪಿಸುತ್ತದೆ.

ಮೊದಲು ಅದು ಅಳೆಯುವ ಬಗೆಯನ್ನು ನೋಡೋಣ. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ಬಳಕೆಗೆ ತಂದ. ರಷ್ಯಾದ ಶಸ್ತ್ರವೈದ್ಯ ಕೊರೊಟ್ಕಾಫ್ 1905ರಲ್ಲಿ ಆ ಪಟ್ಟಿಯ ಕೆಳಗೆ ಸ್ಟೆಥಾಸ್ಕೋಪ್ ಇಟ್ಟು ಸದ್ದು ಕೇಳುವ ಕ್ರಮವನ್ನು ವಿವರಿಸಿದ. ನಮ್ಮ ಮನೆಯ ಯಂತ್ರಕ್ಕೆ ಕಿವಿಯಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ನಾಡಿಯ ಬಡಿತದಿಂದ ಅದರೊಳಗೆ ಏಳುವ ಸಣ್ಣ ಅಲುಗಾಟವನ್ನು ಅದು ಗ್ರಹಿಸುತ್ತದೆ. ಅಲುಗಾಟ ಅತಿ ಹೆಚ್ಚಾಗಿರುವ ಬಿಂದು ಸರಾಸರಿ ಒತ್ತಡವನ್ನು ತೋರಿಸುತ್ತದೆ. ಮೇಲಿನ ಅಂಕಿಯನ್ನೂ (ಹೃದಯ ರಕ್ತ ತಳ್ಳುವಾಗಿನ ಒತ್ತಡ) ಕೆಳಗಿನ ಅಂಕಿಯನ್ನೂ (ಎರಡು ಬಡಿತಗಳ ನಡುವಿನ ಒತ್ತಡ) ತಯಾರಕರು ತಮ್ಮದೇ ಸೂತ್ರದಿಂದ ಲೆಕ್ಕ ಹಾಕಿ ಪರದೆಗೆ ತರುತ್ತಾರೆ. ಆದ್ದರಿಂದ ಕೊಳ್ಳುವ ಮೊದಲು, ಕನಿಷ್ಠ 85 ಜನರ ಮೇಲೆ ಸ್ಟೆಥಾಸ್ಕೋಪ್ ಹಿಡಿದ ಪರೀಕ್ಷಕರ ಅಳತೆಯೊಂದಿಗೆ ಹೋಲಿಸಿ ನೋಡುವ ಐಎಸ್‌ಒ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ನಿಮ್ಮ ಮಾದರಿ ತೇರ್ಗಡೆಯಾಗಿದೆಯೇ ಎಂದು ವಿಚಾರಿಸುವುದು ಒಳ್ಳೆಯದು. ನಾನು ಕೊಂಡ ಮಾದರಿಯ ಪೆಟ್ಟಿಗೆಯ ಮೇಲೆ ಅದು ನಮೂದಾಗಿತ್ತು; ಅಂಗಡಿಯವರಿಗೆ ಅದರ ಅರ್ಥ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಅವರು ಕೇಳಬೇಕಿದ್ದ ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ: ತೋಳಿನ ಸುತ್ತಳತೆ ಎಷ್ಟು? ಪೆಟ್ಟಿಗೆಯೊಳಗಿನ ಪಟ್ಟಿ 22ರಿಂದ 32 ಸೆಂಟಿಮೀಟರಿನ ತೋಳಿಗೆ ಹೊಂದುವಂಥದ್ದು. ಅಮ್ಮನ ತೋಳು ಹೊಲಿಗೆ ಟೇಪಿನಲ್ಲಿ 35. ಗಾಳಿ ತುಂಬುತ್ತಿದ್ದಂತೆ ವೆಲ್ಕ್ರೋ ಚರ್ರನೆ ಬಿಟ್ಟುಕೊಂಡಾಗಲೇ ನನಗೆ ಅನುಮಾನ ಬಂದದ್ದು. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳುಸುಳ್ಳೇ ಮೇಲೇರುತ್ತದೆ. 2023ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸುಮಾರು 20ರಷ್ಟು ಹೆಚ್ಚು ಬಂದಿತ್ತು. ಒಂದು ಅಳತೆ ದೊಡ್ಡದು ಸಾಕಿದ್ದವರಲ್ಲಿ ಸುಮಾರು 5ರಷ್ಟು. ದೊಡ್ಡ ಪಟ್ಟಿಯನ್ನು ಬೇರೆಯಾಗಿ ತರಿಸಲು ಇನ್ನೂ 700 ರೂಪಾಯಿ ಮತ್ತು ಒಂಬತ್ತು ದಿನ ಹಿಡಿಯಿತು. ಅದನ್ನು ಕಟ್ಟಿದ ಮೊದಲ ದಿನ ಅಮ್ಮನ ಅಂಕಿ ಹಿಂದಿನ ದಿನಕ್ಕಿಂತ ಐದಾರು ಕಡಿಮೆ ಬಂತು. ಪೆಟ್ಟಿಗೆಯಲ್ಲಿ ಸಣ್ಣ, ದಪ್ಪ ತೋಳುಗಳೆರಡಕ್ಕೂ ಹೊಂದುವ ಒಂದೇ ಪಟ್ಟಿಯನ್ನು ಇಟ್ಟು ಕೊಡುವ ಮಾದರಿಗಳೂ ಇವೆ. ತೋಳು ದಪ್ಪಗಿರುವವರು ಅವನ್ನೇ ನೋಡುವುದು ಲೇಸು.

ಯಂತ್ರದ ಕೈಪಿಡಿ ಅಳತೆಯ ಕ್ರಮವನ್ನು ಪುಟ್ಟ ಚಿತ್ರಗಳಲ್ಲಿ ಸರಿಯಾಗಿಯೇ ತೋರಿಸುತ್ತದೆ: ಅರ್ಧ ಗಂಟೆ ಮೊದಲಿನಿಂದ ಕಾಫಿ ಬೇಡ, ಮೂತ್ರಕ್ಕೆ ಹೋಗಿ ಬಂದಿರಬೇಕು, ಬೆನ್ನಿಗೆ ಆಸರೆ ಇಟ್ಟು ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ನಮ್ಮ ಮನೆಯಲ್ಲಿ ಇವೆಲ್ಲವೂ ಸಾಧ್ಯವಾದವು, ಕಾಫಿಯೂ ಸೇರಿ. ಸಾಧ್ಯವಾಗದೆ ಉಳಿದದ್ದು ಸುಮ್ಮನಿರುವುದು. ಪಂಪು ಗುಂಯ್ ಎನ್ನುತ್ತಿರುವಾಗಲೇ ಅಮ್ಮನಿಗೆ ಹಾಲಿನ ಲೆಕ್ಕ ನೆನಪಾಗುತ್ತದೆ. ಒಂದು ಬೆಳಿಗ್ಗೆ ಮಾತನಾಡುತ್ತ ಅಳೆದಾಗ 151 ಬಂದದ್ದು, ಎರಡು ನಿಮಿಷ ಬಿಟ್ಟು ಬಾಯಿ ಮುಚ್ಚಿ ಅಳೆದಾಗ 142ಕ್ಕೆ ಇಳಿಯಿತು. ತೋಳನ್ನು ತೊಡೆಯ ಮೇಲೆ ಇಳಿಬಿಟ್ಟರೂ ಇದೇ ಕತೆ. ಎದೆಯ ಮಟ್ಟದಿಂದ ಪ್ರತಿ ಹತ್ತು ಸೆಂಟಿಮೀಟರ್ ಕೆಳಗಿಳಿದಂತೆ ಅಂಕಿ ಏಳೆಂಟು ಏರುತ್ತದೆ. ಮಣಿಕಟ್ಟಿಗೆ ಕಟ್ಟುವ ಅಗ್ಗದ ಯಂತ್ರಗಳನ್ನು ನಾನು ಬೇಡವೆಂದದ್ದು ಈ ಕಾರಣಕ್ಕೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಪರದೆಯ ಎಡಬದಿಯಲ್ಲಿ ಬಣ್ಣದ ಪಟ್ಟಿಯೊಂದಿದೆ; ಅಳತೆ ಮುಗಿದೊಡನೆ ಹಸಿರು, ಹಳದಿ, ಕಿತ್ತಳೆ, ಕೆಂಪು ಇವುಗಳಲ್ಲೊಂದರ ಪಕ್ಕ ಗುರುತು ಬಂದು ನಿಲ್ಲುತ್ತದೆ. 139/89ರ ತನಕ ಎಲ್ಲವೂ ಹಸಿರು. ಈ 140/90 ಎಂಬ ಗಡಿ ಕ್ಲಿನಿಕ್ಕಿನಲ್ಲಿ ಅಳೆದ ಅಂಕಿಗೆ ಹಾಕಿಕೊಂಡದ್ದು. ಮನೆಯಲ್ಲಿ ಅಳೆದರೆ ಸಾಮಾನ್ಯವಾಗಿ ಅಂಕಿ ಕಡಿಮೆ ಬರುವುದರಿಂದ ಮನೆಯ ಸರಾಸರಿಗೆ ವೈದ್ಯಕೀಯ ಮಾರ್ಗಸೂಚಿಗಳು 135/85 ಎಂಬ ಗಡಿಯನ್ನು ಬಳಸುತ್ತವೆ. ಅಮೆರಿಕದ ಹೃದಯ ತಜ್ಞರ ಸಂಘಗಳು 2017ರಲ್ಲಿ ಗಡಿಯನ್ನು ಇನ್ನೂ ಕೆಳಗಿಳಿಸಿ 130/80 ಮಾಡಿವೆ. ಮನೆಯಲ್ಲಿ ಬಳಸಲೆಂದೇ ಮಾರುವ ಯಂತ್ರ ಕ್ಲಿನಿಕ್ಕಿನ ಗಡಿಯನ್ನು ಹೊತ್ತು ಬಂದು, 138ಕ್ಕೆ ಹಸಿರು ತೋರಿಸಿ, ನೋಡುವವರನ್ನು ನಿಶ್ಚಿಂತರನ್ನಾಗಿ ಮಾಡುವುದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಗಡಿ ಸರಿಯಾಗಿದ್ದರೂ ಬಣ್ಣದ ಕಲ್ಪನೆಯೇ ವಿಷಯಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅಪಾಯವು ಹೊಸಿಲು ದಾಟಿದೊಡನೆ ಎದುರಾಗುವಂಥದ್ದಲ್ಲ. 61 ಅಧ್ಯಯನಗಳ ಸುಮಾರು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕಂಡದ್ದು ಹೀಗೆ: 40ರಿಂದ 69ರ ವಯಸ್ಸಿನವರಲ್ಲಿ 115/75ರಿಂದ ಮೇಲಕ್ಕೆ, ಮೇಲಿನ ಅಂಕಿ 20 ಏರಿದಾಗಲೆಲ್ಲ, ಇಲ್ಲವೇ ಕೆಳಗಿನ ಅಂಕಿ 10 ಏರಿದಾಗಲೆಲ್ಲ, ಲಕ್ವದಿಂದ ಸಾಯುವ ಸಂಭವ ಇಮ್ಮಡಿಗಿಂತ ಹೆಚ್ಚಾಗುತ್ತದೆ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಇಮ್ಮಡಿಯಾಗುತ್ತದೆ. ಎಂದರೆ ನಮ್ಮ ಯಂತ್ರದ ಹಸಿರು ಪಟ್ಟಿಯೊಳಗೇ 116 ಮತ್ತು 136 ಎರಡೂ ಕೂತಿವೆ, ಅವುಗಳ ನಡುವೆ ಅಪಾಯ ಇಮ್ಮಡಿಯಾಗಿದೆ. ಅದೇ 136, ಸಿಗರೇಟು ಸೇದುವ ಸಕ್ಕರೆ ಕಾಯಿಲೆಯವರಲ್ಲಿ ಒಂದು ಅರ್ಥ ಕೊಡುತ್ತದೆ, ಇವೆರಡೂ ಇಲ್ಲದ ಮೂವತ್ತೈದರ ಹೆಂಗಸಿನಲ್ಲಿ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಅಪಾಯದ ಕೋಷ್ಟಕಗಳಲ್ಲಿ ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕ ಕೋಷ್ಟಕವಿದೆ; ವಯಸ್ಸು, ಲಿಂಗ, ಧೂಮಪಾನ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವುಗಳ ಜೊತೆಯಲ್ಲಿಟ್ಟೇ ಅದು ರಕ್ತದೊತ್ತಡವನ್ನು ಓದುತ್ತದೆ.

ಆ ಕೋಷ್ಟಕ ಕೇಳುವುದು ಮೇಲಿನ ಅಂಕಿಯನ್ನು ಮಾತ್ರ ಎಂಬುದು ಗಮನಿಸಬೇಕಾದ ಸಂಗತಿ. ಅಮ್ಮನದು ಹೆಚ್ಚಿನ ಸಲ 140ರ ಮೇಲೆ, ಕೆಳಗಿನದು 75ರ ಹತ್ತಿರ. ನೋಡಲು ಬಂದ ನೆಂಟರೆಲ್ಲ ಕೆಳಗಿನದು ಚೆನ್ನಾಗಿದೆಯಲ್ಲ, ಇನ್ನೇನು ಯೋಚನೆ ಎಂದು ಸಮಾಧಾನ ಹೇಳಿ ಹೋಗಿದ್ದಾರೆ. ಹಿಂದೊಮ್ಮೆ ವೈದ್ಯರೂ ಹಾಗೆಯೇ ಭಾವಿಸಿದ್ದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆದುಬಂದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ವಯಸ್ಸಾದಂತೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಬಿರುಸಾಗಿ, ಹೃದಯ ರಕ್ತವನ್ನು ತಳ್ಳಿದಾಗ ಹಿಗ್ಗಿ ಒತ್ತಡವನ್ನು ತಾಳಿಕೊಳ್ಳುವ ಗುಣ ಕಳೆದುಕೊಳ್ಳುವುದರಿಂದ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ; ಎರಡರ ಅಂತರ ಹಿಗ್ಗುವುದು ನಾಳಗಳು ಬಿರುಸಾದುದರ ಲಕ್ಷಣ. ಇಂಥ ಅರವತ್ತು ದಾಟಿದ 4,736 ಜನರಿಗೆ ಔಷಧಿ ಇಲ್ಲವೇ ಔಷಧಿಯ ಅಂಶವಿಲ್ಲದ ಸೋಗಿನ ಮಾತ್ರೆ ಕೊಟ್ಟು ನೋಡಿ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಔಷಧಿ ಪಡೆದವರಲ್ಲಿ ಲಕ್ವ 36 ಶೇಕಡ ಕಡಿಮೆಯಾಗಿತ್ತು. ಕೆಳಗಿನದು ಚೆನ್ನಾಗಿದ್ದರೂ ಮಾತ್ರೆ ಏಕೆ ಎಂದು ಅಮ್ಮ ಕೇಳಿದಾಗ ಡಾಕ್ಟರು ವಿವರಿಸಿದ್ದೂ ಈ ನಾಳಗಳ ಬಿರುಸನ್ನೇ.

ವಾರದ ಲೆಕ್ಕಕ್ಕೆ ಯಂತ್ರದ ನೆರವು ಅಷ್ಟಕ್ಕಷ್ಟೇ. ಅದರ ನೆನಪಿನಲ್ಲಿ 60 ಅಳತೆಗಳು ಉಳಿಯುತ್ತವೆ, ಆದರೆ ಸರಾಸರಿಯ ಗುಂಡಿ ಒತ್ತಿದರೆ ಹತ್ತು ನಿಮಿಷದೊಳಗಿನ ಕೊನೆಯ ಮೂರರ ಸರಾಸರಿ ಮಾತ್ರ ಸಿಗುತ್ತದೆ. ಸೆಲ್ ಬದಲಿಸಿದರೆ ದಿನಾಂಕವೂ ಅಳಿಸಿಹೋಗುತ್ತದೆ. ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕು. ಹಾಗಾಗಿ ಹಳೆಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಹಾಕಿ, ಬೆಳಿಗ್ಗೆ ಮಾತ್ರೆಗೆ ಮುನ್ನ ಎರಡು, ರಾತ್ರಿ ಎರಡು ಎಂದು ಏಳು ದಿನ ಬರೆದೆ. ಮೊದಲ ದಿನದ್ದನ್ನು ಕ್ರಮದಂತೆ ಬಿಟ್ಟು ಉಳಿದ 24ರ ಸರಾಸರಿ ತೆಗೆದರೆ 143/76 ಬಂತು. ಕ್ಲಿನಿಕ್ಕಿನ 164ರಲ್ಲಿ ಡಾಕ್ಟರರ ಎದುರು ಒತ್ತಡ ಏರಿಸುವ ಬಿಳಿ ಕೋಟಿನ ಭಯದ ಪಾಲೂ ಇತ್ತು, ನಿಜವಾದ ಏರೊತ್ತಡವೂ ಇತ್ತು ಎಂಬುದು ಆಗ ತಿಳಿಯಿತು. ಆ 24ರಲ್ಲಿ ಎಂಟು ಸಲ ಯಂತ್ರ ಹಸಿರು ತೋರಿಸಿತ್ತು. ಅವುಗಳಲ್ಲಿ ಐದು ಮನೆಯ ಗಡಿಯಾದ 135ನ್ನು ದಾಟಿದವು. ಆ ದಿನಗಳಲ್ಲಿ ಅಮ್ಮ “ಹಸಿರು ಬಂತಲ್ಲೋ, ಇವತ್ತೊಂದು ದಿನ ಉಪ್ಪಿನಕಾಯಿ ಹಾಕ್ಕೋತೀನಿ” ಎಂದದ್ದೂ ಪುಸ್ತಕದ ಅಂಚಿನಲ್ಲಿದೆ.

ಬಡಿತದ ಲಯ ತಪ್ಪಿದರೆ ಮಿನುಗುವ ಹೃದಯದ ಚಿಹ್ನೆಯೊಂದಿದೆ, ನಮಗೆ ಎರಡು ಸಲ ಮಾತ್ರ ಕಂಡಿತು, ಎರಡೂ ಸಲ ಅಮ್ಮ ಕೈ ಅಲುಗಿಸಿದ್ದರು. ಅದು ಪದೇ ಪದೇ ಬಂದರೆ ಇಸಿಜಿ ಮಾಡಿಸಬೇಕು, ಅಂಥವರಲ್ಲಿ ಯಂತ್ರದ ಅಂಕಿಯೂ ಅಷ್ಟು ನಿಖರವಲ್ಲ.

ಕಳೆದ ತಿಂಗಳು ಯಂತ್ರವನ್ನೇ ಚೀಲದಲ್ಲಿಟ್ಟು ಕ್ಲಿನಿಕ್ಕಿಗೆ ಒಯ್ದು, ಒಂದೇ ತೋಳಿನಲ್ಲಿ ಒಂದಾದ ಮೇಲೊಂದರಂತೆ ಹೋಲಿಸಿ ನೋಡಿದೆವು: ಡಾಕ್ಟರರದು 144/80, ನಮ್ಮದು 141/78. ಅಳತೆಯ ಬಗ್ಗೆ ನನಗೆ ಇನ್ನು ತಕರಾರಿಲ್ಲ. ಬಣ್ಣದ ಪಟ್ಟಿಯ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದ್ದೇನೆ. ಬೇಸಿಗೆಯ ಸೆಕೆಗೆ ಅಂಟು ಕರಗಿ ಆಗಾಗ ಅಂಚು ಏಳುತ್ತದೆ, ಒತ್ತಿ ಕೂರಿಸಬೇಕು.