\ಯು0ಸಿ95 ಅನ್ನು ‘ಕ’ ಮಾಡುವ ದಾರಿಗಳು: ಪೈಥಾನ್‌ನಲ್ಲಿ ಒಂದು ಹೋಲಿಕೆ

ಸರ್ವರ್‌ನ ಉತ್ತರದಲ್ಲಿ ‘ಕನ್ನಡ’ ಎಂದಿರಬೇಕಾದ ಕಡೆ \ಯು0ಸಿ95\ಯು0ಸಿಎ8\ಯು0ಸಿಸಿಡಿ\ಯು0ಸಿಎ8\ಯು0ಸಿಎ1 ಎಂದು ಕಂಡರೆ ಡೇಟಾ ಕೆಟ್ಟಿದೆ ಎಂದುಕೊಳ್ಳಬೇಡಿ. ಇದು ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆಯನ್ನು ಬರೆಯುವ ‘ಎಸ್ಕೇಪ್’ ರೂಪ (ಕೋಡ್‌ನ ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ). ಡೇಟಾ ವಿನಿಮಯದ ಪಠ್ಯರೂಪವಾದ ಜೇಸನ್ ಅನ್ನು ಬರೆಯುವ ಪೈಥಾನ್‌ನ ಜೇಸನ್.ಡಂಪ್ಸ್ ಆಗಲಿ, ಪಿಎಚ್‌ಪಿಯ ಜೇಸನ್_ಎನ್‌ಕೋಡ್ ಆಗಲಿ, ಬೇಡವೆಂದು ಹೇಳದಿದ್ದರೆ ಆಸ್ಕಿಯಲ್ಲದ (ಮೂಲ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಬಿಟ್ಟು ಉಳಿದ) ಎಲ್ಲವನ್ನೂ ಹೀಗೇ ಬರೆಯುತ್ತವೆ. ಯುಟಿಎಫ್-8ರಲ್ಲಿ 15 ಬೈಟ್‌ಗೆ ಮುಗಿಯುವ ಪದ 30 ಬೈಟ್ ಆಗುತ್ತದೆ, ಅಷ್ಟೇ.

ಇದನ್ನು ಬಿಡಿಸಲು ಹೆಚ್ಚು ಬಳಕೆಯಲ್ಲಿರುವ ನಾಲ್ಕು ದಾರಿಗಳನ್ನು ಒಂದೇ ಬಗೆಯ ತುಣುಕುಗಳ ಮೇಲೆ ಓಡಿಸಿದರೆ ವ್ಯತ್ಯಾಸ ಬೇಗ ಬಯಲಾಗುತ್ತದೆ. ತುಣುಕುಗಳು ಇವು: ಮೇಲಿನ ಪದ, \ಯುಡಿ83ಡಿ\ಯುಡಿಇ00 ಎಂದು ಬರುವ ನಗುಮುಖದ ಎಮೋಜಿ, ಓರೆಗೆರೆಗಳೆಲ್ಲ \/ ಆಗಿರುವ ಒಂದು ಯುಆರ್‌ಎಲ್, ಅರ್ಧ ನೇರ ಕನ್ನಡ, ಅರ್ಧ ಎಸ್ಕೇಪ್ ಇರುವ ಸಾಲು, ಒಳಗೆ \ಯು0022, ಅಂದರೆ ಜೋಡಿ ಉದ್ಧರಣ ಚಿಹ್ನೆ, ಇರುವ ವಾಕ್ಯ.

ಕೋಡ್ ಮುಟ್ಟುವ ಮುನ್ನ ರೆಪ್ರ್ (ಸ್ಟ್ರಿಂಗನ್ನು, ಅಂದರೆ ಪಠ್ಯದ ಮೌಲ್ಯವನ್ನು, ಒಳಗಿರುವಂತೆಯೇ ತೋರಿಸುವ ಫಂಕ್ಷನ್) ಹಾಕಿ ಮುದ್ರಿಸಿ ನೋಡಿ. ಎರಡು ಬ್ಯಾಕ್‌ಸ್ಲ್ಯಾಶ್ ಮತ್ತು ಯು ಕಂಡರೆ ಸ್ಟ್ರಿಂಗ್‌ನಲ್ಲಿ ನಿಜಕ್ಕೂ ಎಸ್ಕೇಪ್ ಇದೆ. ಮುಂದೆ ಬಿ ಅಕ್ಷರವಿದ್ದು ಒಳಗೆ \ಎಕ್ಸ್‌ಇ0\ಎಕ್ಸ್‌ಬಿ2\ಎಕ್ಸ್95 ಎಂದಿದ್ದರೆ ಅದು ಇನ್ನೂ ಡೀಕೋಡ್ ಆಗದ ಬೈಟ್‌ಗಳು. ಯುಟಿಎಫ್-8 ಎಂದು ಡೀಕೋಡ್ ಮಾಡಿದರೆ ಸಾಕು, ಈ ಹೋಲಿಕೆಯೇ ಬೇಕಿಲ್ಲ.

ಮೊದಲು ಜೇಸನ್.ಲೋಡ್ಸ್. ಐದೂ ತುಣುಕು ಸರಿಯಾಗಿ ಹೊರಬಂದವು. ಎಮೋಜಿಯ ಎರಡು ಭಾಗಗಳನ್ನು ಕೂಡಿಸಿ ಒಂದೇ ಅಕ್ಷರ ಮಾಡಿತು, \/ ಅನ್ನು ಬರಿಯ / ಮಾಡಿತು, ನೇರ ಕನ್ನಡವನ್ನು ಮುಟ್ಟಲಿಲ್ಲ. ಕಾರಣ ಸರಳ: ಈ ಎಸ್ಕೇಪ್ ಜೇಸನ್ ವ್ಯಾಕರಣದ್ದು, ಬಿಡಿಸುತ್ತಿರುವುದು ಅದೇ ವ್ಯಾಕರಣದ ಪಾರ್ಸರ್, ಅಂದರೆ ಅದನ್ನು ಓದಿ ಅರ್ಥಮಾಡುವ ಭಾಗ. ಇಡೀ ಉತ್ತರ ಕೈಯಲ್ಲಿದ್ದರೆ ಬೇರೆ ದಾರಿ ಹುಡುಕಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೂ ಮಿತಿಗಳಿವೆ. \ಎಕ್ಸ್3ಸಿ ಅಥವಾ \' ಬಂದರೆ ಎಸ್ಕೇಪ್ ಸರಿಯಿಲ್ಲವೆಂದು ಎರರ್ ಕೊಡುತ್ತದೆ, ಏಕೆಂದರೆ ಅವು ಜಾವಾಸ್ಕ್ರಿಪ್ಟ್‌ನವು, ಜೇಸನ್‌ನವಲ್ಲ. ಸ್ಟ್ರಿಂಗ್ ಒಳಗೆ ಹಸಿ ಹೊಸಸಾಲು ಇದ್ದರೂ ನಿಲ್ಲುತ್ತದೆ; ಅಲ್ಲಿ ಸ್ಟ್ರಿಕ್ಟ್=ಫಾಲ್ಸ್ ಕೊಟ್ಟರೆ ದಾಟುತ್ತದೆ. ಇನ್ನೊಂದು ಹೆಚ್ಚು ಅಪಾಯದ್ದು: ಸರ್ವರ್ ಪಠ್ಯವನ್ನು ಇಷ್ಟೇ ಅಕ್ಷರ ಎಂದು ಕತ್ತರಿಸುವಾಗ ಎಮೋಜಿಯ ಅರ್ಧ ಮಾತ್ರ ಉಳಿದಿದ್ದರೆ, ಆ ಒಂಟಿ ಸರೊಗೇಟನ್ನು (ಎಮೋಜಿಯ ಜೋಡಿ ಸಂಕೇತಗಳಲ್ಲಿ ಒಂದನ್ನು) ಲೋಡ್ಸ್ ಚಕಾರವೆತ್ತದೆ ಒಳಗೆ ಬಿಡುತ್ತದೆ. ಎರರ್ ಬರುವುದು ಎಷ್ಟೋ ಹೊತ್ತಿನ ನಂತರ, ಫೈಲಿಗೆ ಬರೆಯುವಾಗ. ಬಂದ ಸ್ಟ್ರಿಂಗನ್ನು ಸರೊಗೇಟ್‌ಪಾಸ್ ಎಂಬ ಎರರ್ ಆಯ್ಕೆಯ ಜೊತೆ ಯುಟಿಎಫ್-16ಕ್ಕೆ ಎನ್‌ಕೋಡ್ ಮಾಡಿ, ರಿಪ್ಲೇಸ್ ಜೊತೆ ಮತ್ತೆ ಡೀಕೋಡ್ ಮಾಡಿದರೆ ಒಂಟಿ ಭಾಗ ಯು+ಎಫ್‌ಎಫ್‌ಎಫ್‌ಡಿ, ಅಂದರೆ ಓದಲಾಗದ ಅಕ್ಷರದ ಬದಲಿ ಚಿಹ್ನೆ, ಆಗುತ್ತದೆ, ಪಠ್ಯದ ಉಳಿದ ಭಾಗ ಉಳಿಯುತ್ತದೆ.

ಎರಡನೆಯದು ಯೂನಿಕೋಡ್_ಎಸ್ಕೇಪ್ ಕೋಡೆಕ್ (ಬೈಟ್‌ಗಳನ್ನು ಪಠ್ಯವಾಗಿಸುವ ಪರಿವರ್ತಕ), ಎಲ್ಲರಿಗೂ ಮೊದಲು ಸಿಗುವ ಉತ್ತರ. ಮೊದಲ ತುಣುಕು ಸಲೀಸಾಗಿ ಬಿಡಿಸಿತು, ಅದಕ್ಕೇ ಜನ ನಂಬುತ್ತಾರೆ. ನೇರ ಕನ್ನಡ ಬೆರೆತ ಸಾಲಿನಲ್ಲಿ ಎಡವಿತು: ಈ ಕೋಡೆಕ್ ಉಳಿದ ಬೈಟ್‌ಗಳನ್ನು ಲ್ಯಾಟಿನ್-1 (ಒಂದು ಬೈಟ್‌ಗೆ ಒಂದು ಅಕ್ಷರದ ಹಳೆಯ ಸಂಕೇತಪದ್ಧತಿ) ಎಂದು ಓದುತ್ತದೆ, ಹಾಗಾಗಿ ‘ಕ’ದ ಮೂರು ಬೈಟ್ ಮೂರು ಅರ್ಥವಿಲ್ಲದ ಚಿಹ್ನೆಗಳಾದವು. ಎಮೋಜಿ ಎರಡು ಬಿಡಿ ಸರೊಗೇಟ್ ಆಗಿಯೇ ಉಳಿಯಿತು; ಮುದ್ರಿಸಿದರೆ ಯೂನಿಕೋಡ್‌ಎನ್‌ಕೋಡ್‌ಎರರ್. ಯುಆರ್‌ಎಲ್‌ನ ಬ್ಯಾಕ್‌ಸ್ಲ್ಯಾಶ್‌ಗಳು ಹಾಗೇ ನಿಂತವು. ಬೆರೆತ ಸಾಲಿಗೆ ಒಂದು ಉಪಾಯವಿದೆ: ಮೊದಲು ಬ್ಯಾಕ್‌ಸ್ಲ್ಯಾಶ್‌ರಿಪ್ಲೇಸ್ ಜೊತೆ ಲ್ಯಾಟಿನ್-1ಕ್ಕೆ ಎನ್‌ಕೋಡ್ ಮಾಡಿ, ಆಮೇಲೆ ಈ ಕೋಡೆಕ್ ಹಚ್ಚಿ. ಆಗ ನೇರ ಕನ್ನಡವೂ ಎಸ್ಕೇಪ್ ಆಗಿ ಹೋಗಿ ಸುರಕ್ಷಿತವಾಗಿ ಮರಳುತ್ತದೆ. ಪುಟದ ಸ್ಕ್ರಿಪ್ಟ್ ಟ್ಯಾಗ್‌ನಿಂದ ಕಿತ್ತ, \ಎಕ್ಸ್3ಸಿ ತುಂಬಿದ ಸ್ಟ್ರಿಂಗ್‌ಗೆ ಈ ಜೋಡಿ ಲೋಡ್ಸ್‌ಗಿಂತ ಮೇಲು. ಅದೊಂದೇ ಜಾಗದಲ್ಲಿ ಇದನ್ನು ಶಿಫಾರಸು ಮಾಡುತ್ತೇನೆ, ಸರೊಗೇಟ್ ಕೂಡಿಸುವ ಮೇಲಿನ ಯುಟಿಎಫ್-16 ಹೆಜ್ಜೆಯೊಂದಿಗೆ.

ಮೂರನೆಯದು ರೆಜೆಕ್ಸ್, ಅಂದರೆ ಮಾದರಿ ಕೊಟ್ಟು ಪಠ್ಯ ಹುಡುಕುವ ವಿಧಾನ: \ಯು ಮತ್ತು ನಾಲ್ಕು ಹೆಕ್ಸ್ ಅಂಕಿ ಹಿಡಿದು ಸಿಎಚ್‌ಆರ್ ಫಂಕ್ಷನ್‌ಗೆ ಕೊಡುವುದು. ಬೆರೆತ ಸಾಲಿನಲ್ಲಿ ಚೆನ್ನಾಗಿ ಗೆದ್ದಿತು, ಎಮೋಜಿಯಲ್ಲಿ ಸೋತಿತು. ಜಾವಾಸ್ಕ್ರಿಪ್ಟ್‌ನಲ್ಲೋ ಜಾವಾದಲ್ಲೋ ಇದೇ ರೆಜೆಕ್ಸ್ ಬರೆದರೆ ಎಮೋಜಿಯೂ ಸರಿಯಾಗುತ್ತದೆ, ಏಕೆಂದರೆ ಅಲ್ಲಿನ ಸ್ಟ್ರಿಂಗ್‌ಗಳೇ ಯುಟಿಎಫ್-16 ಘಟಕಗಳ ಸಾಲು. ಆದರೆ ದೊಡ್ಡ ತೊಂದರೆ ಭಾಷೆ ಬದಲಿಸಿದರೂ ಹೋಗುವುದಿಲ್ಲ. ಇಡೀ ಉತ್ತರದ ಮೇಲೆ ಮೊದಲು ರೆಜೆಕ್ಸ್, ನಂತರ ಲೋಡ್ಸ್ ಎಂದು ಬರೆದ ಕೋಡ್ \ಯು0022 ಸಿಕ್ಕ ದಿನ ಒಡೆಯುತ್ತದೆ: ವಾಕ್ಯದ ನಡುವೆ ನಿಜವಾದ ಉದ್ಧರಣ ಚಿಹ್ನೆ ಮೂಡಿ ಸ್ಟ್ರಿಂಗ್ ಅಲ್ಲೇ ಮುಗಿದುಬಿಡುತ್ತದೆ. \ಯು000ಎ ಹೊಸಸಾಲಾಗಿ ಅದೇ ಗತಿ. ಎರಡು ಬ್ಯಾಕ್‌ಸ್ಲ್ಯಾಶ್ ಇರುವ \\ಯು0ಸಿ95 ಅಂದರೆ ಅಕ್ಷರವಲ್ಲ, ಎಸ್ಕೇಪನ್ನು ಹಾಗೆಯೇ ತೋರಿಸುವ ಪಠ್ಯ. ರೆಜೆಕ್ಸ್ ಅದನ್ನೂ ಬಿಡಿಸಿ ಹಾಳುಮಾಡುತ್ತದೆ. ಪಾರ್ಸ್‌ಗೆ ಮೊದಲು ಡೀಕೋಡ್ ಮಾಡಕೂಡದು.

ನಾಲ್ಕನೆಯದಾದ, ಪಠ್ಯವನ್ನು ಪೈಥಾನ್ ಮೌಲ್ಯವೆಂದು ಓದುವ ಎಎಸ್‌ಟಿ.ಲಿಟರಲ್_ಇವ್ಯಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೂ, ನಲ್ ಚಿಕ್ಕಕ್ಷರದಲ್ಲಿ ಬಂದೊಡನೆ ವ್ಯಾಲ್ಯೂಎರರ್. ಬರಿಯ ಇವ್ಯಾಲ್ ಅಂತೂ ದೂರವಿಡಿ. ಹೊರಗಿನ ಸರ್ವರ್‌ನ ಪಠ್ಯವನ್ನು ನಿಮ್ಮ ಯಂತ್ರದಲ್ಲಿ ಪ್ರೋಗ್ರಾಂ ಆಗಿ ಓಡಿಸಿದಂತೆ.

ಹೊರನೋಟಕ್ಕೆ ಹೋಲುವ ಇನ್ನೂ ಎರಡು ರೂಪಗಳಿಗೆ ಈ ನಾಲ್ಕೂ ಒಗ್ಗುವುದಿಲ್ಲ. ಕ ಎಚ್‌ಟಿಎಂಎಲ್‌ನದು, ಎಚ್‌ಟಿಎಂಎಲ್.ಅನ್‌ಎಸ್ಕೇಪ್ ಬೇಕು. %ಇ0%ಬಿ2%95 ಯುಆರ್‌ಎಲ್‌ನದು, ಅನ್‌ಕೋಟ್ ಬೇಕು. ಆದರೆ ಹಳೆಯ ಜಾವಾಸ್ಕ್ರಿಪ್ಟ್ ಎಸ್ಕೇಪ್ ಫಂಕ್ಷನ್ ಬರೆದ %ಯು0ಸಿ95 ಅನ್ನು ಪೈಥಾನ್‌ನ ಅನ್‌ಕೋಟ್ ಹಾಗೇ ಬಿಡುತ್ತದೆ. ಅಲ್ಲಿ ರೆಜೆಕ್ಸ್‌ಗೆ ನಿಜವಾದ ಕೆಲಸವಿದೆ. ಪದರಗಳಿದ್ದರೆ ಹೊರಗಿನದರಿಂದ ಬಿಚ್ಚಿ: ಎಚ್‌ಟಿಎಂಎಲ್ ಗುಣಲಕ್ಷಣದೊಳಗೆ ಜೇಸನ್ ಇದ್ದರೆ ಮೊದಲು ಅನ್‌ಎಸ್ಕೇಪ್, ಆಮೇಲೆ ಲೋಡ್ಸ್. ಆಬ್ಜೆಕ್ಟ್ ಬರಬೇಕಿದ್ದ ಕಡೆ ಲೋಡ್ಸ್ ಮತ್ತೆ ಸ್ಟ್ರಿಂಗ್ ಕೊಟ್ಟರೆ, ಜೇಸನ್ ಎರಡು ಸಲ ಎನ್‌ಕೋಡ್ ಆಗಿದೆ. ಇನ್ನೊಮ್ಮೆ ಲೋಡ್ಸ್ ಮಾಡಿ.

ಸರ್ವರ್‌ನಿಂದ ಉತ್ತರ ತರಲು ರಿಕ್ವೆಸ್ಟ್ಸ್ ಲೈಬ್ರರಿ ಬಳಸುವವರು ಟೆಕ್ಸ್ಟ್ ಬದಲು ಕಂಟೆಂಟ್ ಬೈಟ್‌ಗಳನ್ನೇ ಲೋಡ್ಸ್‌ಗೆ ಕೊಡುವುದು ಒಳ್ಳೆಯದು. ಕಂಟೆಂಟ್-ಟೈಪ್ ಟೆಕ್ಸ್ಟ್/ಎಚ್‌ಟಿಎಂಎಲ್ ಎಂದಿದ್ದು ಚಾರ್‌ಸೆಟ್ ಇಲ್ಲದಿದ್ದರೆ ಆ ಲೈಬ್ರರಿ ಐಎಸ್‌ಒ-8859-1, ಅಂದರೆ ಲ್ಯಾಟಿನ್-1, ಎಂದೇ ಹಿಡಿಯುತ್ತದೆ. ಎಸ್ಕೇಪ್ ಆದ ಅಕ್ಷರಗಳು ಸರಿಯಾಗಿ, ನೇರ ಬಂದವು ಗಲೀಜಾಗಿ ಕಾಣುವ ವಿಚಿತ್ರ ಫಲಿತಾಂಶ ಬರುವುದು ಹೀಗೆ. ಪೈಥಾನ್ 3.6ರಿಂದ ಲೋಡ್ಸ್ ಬೈಟ್‌ಗಳನ್ನು ನೇರವಾಗಿ ತೆಗೆದುಕೊಳ್ಳುತ್ತದೆ.

ಬಿಡಿಸಿದ ಪಠ್ಯವನ್ನು ಡೇಟಾಬೇಸ್‌ನ ಪಠ್ಯದೊಂದಿಗೆ ಹೋಲಿಸುವುದಿದ್ದರೆ ಎರಡನ್ನೂ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಒಂದು ಏಕರೂಪ ಬರಹಕ್ಕೆ) ತನ್ನಿ: ‘ೊ’ ಒಂದು ಕಡೆ 0ಸಿಸಿಎ ಎಂದು, ಇನ್ನೊಂದು ಕಡೆ 0ಸಿಸಿ6, 0ಸಿಸಿ2 ಎಂಬ ಜೋಡಿಯಾಗಿ ಬರಬಹುದು. \ಯು200ಸಿ ಮತ್ತು \ಯು200ಡಿ ಕಣ್ಣಿಗೆ ಕಾಣುವುದಿಲ್ಲವೆಂದು ಕಸದಂತೆ ಅಳಿಸಬೇಡಿ. ಒತ್ತಕ್ಷರ ಕೂಡಬೇಕೋ ಬಿಡಿಯಾಗಿ ನಿಲ್ಲಬೇಕೋ ಎಂಬುದನ್ನು ಅವೇ ತಿಳಿಸುತ್ತವೆ.